ತೊಟ್ಟಿ ಮನೆಯ ಗೋಡೆಗೆ ಥರ್ಮಾಕೋಲ್ ಹಾಕಿಸಬಹುದಾ?

ಕೇಳಿದವರು, ಶ್ರೀರಂಗಪಟ್ಟಣದ ಹತ್ತಿರದಿಂದ:
ನಮ್ಮದು ಅಜ್ಜನ ಕಾಲದ ತೊಟ್ಟಿ ಮನೆ. ಮರದ ಕಂಬ, ತೊಲೆ, ಕಂಬಗಳ ನಡುವೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ಬೇಸಿಗೆಯಲ್ಲಿ ಪಶ್ಚಿಮದ ಕೋಣೆಯಲ್ಲಿ ಕೂರಲು ಆಗುವುದಿಲ್ಲ. ಗೋಡೆಗೆ ಒಳಗಿನಿಂದ ಥರ್ಮಾಕೋಲ್ ಅಂಟಿಸಿ ಸಿಮೆಂಟ್ ಬಳಿಯೋಣ ಅಂತಾರೆ ಕಂಟ್ರಾಕ್ಟರ್. ಯಾರಾದರೂ ಮಾಡಿಸಿದ್ದೀರಾ?

ಮೈಸೂರಿನ ಅಗ್ರಹಾರದಿಂದ:
ಸರ್, ಅವಸರ ಬೇಡ. ಮಧ್ಯಾಹ್ನ ಮೂರರ ಹೊತ್ತಿಗೆ ಗೋಡೆ ಮುಟ್ಟಿ ನೋಡಿ. ಆಮೇಲೆ ಏಣಿ ಹತ್ತಿ ಹೆಂಚಿನ ಒಳಮೈ ಮುಟ್ಟಿ. ನಮ್ಮ ಮನೆಯಲ್ಲಿ ಗೋಡೆ ತಣ್ಣಗಿತ್ತು, ಹೆಂಚು ಸುಡುತ್ತಿತ್ತು. ಒಂದೂವರೆ ಅಡಿ ಮಣ್ಣು ದಾಟಿ ಕಾವು ಒಳಗೆ ಬರುವಷ್ಟರಲ್ಲಿ ರಾತ್ರಿಯೇ ಆಗಿರುತ್ತದೆ. ಹೆಂಚಿಗೆ ಆ ದಪ್ಪ ಎಲ್ಲಿದೆ? ನಮ್ಮ ಕಡೆ ಏಪ್ರಿಲ್ 23ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಪೆಟ್ಟು ಬೀಳುವುದು ಚಾವಣಿಗೆ.

ನಾವು ಹೆಂಚಿನ ಕೆಳಗೆ ನಾಲ್ಕು ಇಂಚು ಜಾಗ ಬಿಟ್ಟು ಹಲಗೆಯ ಸೀಲಿಂಗ್ ಹಾಕಿಸಿ, ಹಲಗೆ ಮೇಲೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಾಸು) ಹಾಸಿದೆವು. ಬಿಸಿಗಾಳಿ ಹೋಗಲು ಎರಡೂ ತುದಿಯಲ್ಲಿ ಜಾಲರಿ ಇದೆ. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಬಿದಿರಿನ ತಟ್ಟಿ. ಪರದೆ ಒಳಗೆ ಹಾಕಿದರೆ ಜಾಸ್ತಿ ಪ್ರಯೋಜನ ಇಲ್ಲ, ಅಷ್ಟೊತ್ತಿಗೆ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ. ಗೋಡೆಯನ್ನು ನಾವು ಮುಟ್ಟಲೇ ಇಲ್ಲ.

ಪಾಂಡವಪುರದ ಕಡೆಯಿಂದ:
ಸಿಮೆಂಟ್ ಮಾತ್ರ ಬೇಡವೇ ಬೇಡ. ನಮ್ಮದು ನಾಲೆ ಬಯಲು, ನೆಲದಲ್ಲಿ ತೇವ ಜಾಸ್ತಿ. ಹಳೇ ಮನೆಯ ಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೀರು ಗೋಡೆಯೊಳಗೆ ಏರುತ್ತದೆ. ಮಣ್ಣು, ಸುಣ್ಣ ಅದನ್ನು ಹೊರಗೆ ಬಿಟ್ಟು ಒಣಗುತ್ತವೆ. ಥರ್ಮಾಕೋಲ್, ಸಿಮೆಂಟ್ ಬಂದರೆ ಆ ದಾರಿ ಮುಚ್ಚಿತು. ತೇವ ಕಂಬದ ಬುಡದಲ್ಲೇ ನಿಲ್ಲುತ್ತದೆ. ಮರದಲ್ಲಿ ತೇವ 20% ದಾಟಿ ಹಾಗೇ ಉಳಿದರೆ ಕೊಳೆಯುವ ಭಯ, ಗೆದ್ದಲಿಗಂತೂ ಹಬ್ಬ. ನಮ್ಮ ನಡುಮನೆಗೆ ಹಿಂದೆ ಯಾರೋ ಮೇಸ್ತ್ರಿ ಸಿಮೆಂಟ್ ಬಳಿದಿದ್ದ. ಕೆತ್ತಿಸಿದಾಗ ಕಂಬದ ಬುಡ ಬೆರಳಲ್ಲಿ ಒತ್ತಿದರೆ ಪುಡಿಪುಡಿ!

ಗೋಡೆಗೆ ಏನಾದರೂ ಮಾಡಲೇಬೇಕು ಅಂದರೆ ಮಣ್ಣು, ಸುಣ್ಣಕ್ಕೆ ಭತ್ತದ ಹೊಟ್ಟು ಕಲಸಿ ಎರಡು ಇಂಚು ಮೆತ್ತಿಸಿ. ಒಂದೇ ಸಲ ಬೇಡ, ಪದರ ಪದರವಾಗಿ. ಹೊಟ್ಟಿನಲ್ಲಿ ಗಾಳಿ ನಿಲ್ಲುವುದರಿಂದ ಕಾವು ಬೇಗ ದಾಟುವುದಿಲ್ಲ. ಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ತೆಳು ಗಾರೆ. ಬೆಲ್ಲ, ಅಳಲೆಕಾಯಿ ನೀರು ಹಾಕುವವರೂ ಇದ್ದಾರೆ. ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದೇ ಕಷ್ಟ, ಅದು ಬೇರೆ ಮಾತು.

ಎಲೆಕ್ಟ್ರಿಷಿಯನ್ ಒಬ್ಬರು:
ಥರ್ಮಾಕೋಲ್ ಹೊತ್ತಿಕೊಂಡರೆ ಕಪ್ಪು ಹೊಗೆ ಸಹಿಸಲು ಆಗಲ್ಲ. ಹಳೇ ವೈರಿಂಗ್, ಒಣ ಮರ, ಪಕ್ಕದಲ್ಲೇ ಅದು ಬೇಕಾ? ರಾಕ್‌ವೂಲ್ ಉರಿಯಲ್ಲ. ಆದರೂ ಸೀಲಿಂಗ್ ಮುಚ್ಚುವ ಮೊದಲು ಮೇಲಿನ ವೈರ್ ಎಲ್ಲಾ ಬದಲಾಯಿಸಿಬಿಡಿ.

ಕೇಳಿದವರು:
ಇವತ್ತು ಮುಟ್ಟಿ ನೋಡಿದೆ, ಹೆಂಚೇ ಸುಡುತ್ತಿದೆ. ಸೀಲಿಂಗ್ ಮೊದಲು ಮಾಡಿಸುತ್ತೇನೆ. ಗಾರೆ ಈಗಲೇ ಮಾಡಿಸಲಾ?

ಪಾಂಡವಪುರದ ಕಡೆಯಿಂದ:
ಈ ಬಿಸಿಲಲ್ಲಿ ಬೇಡ, ಬೇಗ ಒಣಗಿ ಬಿರುಕು ಬಿಡುತ್ತದೆ. ಮಳೆ ಮುಗಿದು ದೀಪಾವಳಿ ಆದ ಮೇಲೆ ಶುರು ಮಾಡಿ, ಒದ್ದೆ ಗೋಣಿಚೀಲ ಇಳಿಬಿಟ್ಟು ನಿಧಾನ ಒಣಗಿಸಿ. ಅಷ್ಟರಲ್ಲಿ ಸೂರಿನ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ನೀರು ಹರಿದುಹೋಗುವ ಒಂದು ದೋಣಿ ಕಟ್ಟಿಸಿ.