ಹಣ ಕೊಟ್ಟು ಪುಸ್ತಕ ಮಾಡಿಸುವ ಕರಾರು: ಸಹಿಗೆ ಮೊದಲು ಏನು ನೋಡಬೇಕು?

ಮೊದಲಹೆಜ್ಜೆ:
ಎಲ್ಲರಿಗೂ ನಮಸ್ಕಾರ. ಮೊದಲ ಕಾದಂಬರಿಯ ಹಸ್ತಪ್ರತಿ ಕಳಿಸಿದ ನಾಲ್ಕೇ ದಿನಕ್ಕೆ "ಆಯ್ಕೆಯಾಗಿದೆ" ಎಂದು ಒಂದು ಪ್ರಕಾಶನದಿಂದ ಕರಾರು ಬಂದಿದೆ. ಮುಖ್ಯ ಅಂಶಗಳು ಇವು: ವೆಚ್ಚದಲ್ಲಿ ಅರ್ಧ ಲೇಖಕರದು, ಅರ್ಧ ಅವರದು. ನಿವ್ವಳ ಆದಾಯದ ಮೇಲೆ 70% ರಾಯಲ್ಟಿ. ಐಎಸ್‌ಬಿಎನ್, ಕಾಪಿರೈಟ್, ಜಾಗತಿಕ ವಿತರಣೆ ಎಲ್ಲ ಪ್ಯಾಕೇಜಿನಲ್ಲೇ ಸೇರಿದೆ. ಎಲ್ಲ ಹಕ್ಕುಗಳೂ ಕಾಪಿರೈಟ್ ಇರುವಷ್ಟು ಕಾಲ ಅವರಿಗೆ. ಸಹಿಗೆ ಹತ್ತು ದಿನದ ಗಡುವು. ಇದು ನಿಜವಾದ ಪ್ರಕಾಶನವೋ, ಲೇಖಕರ ದುಡ್ಡಿನಲ್ಲೇ ನಡೆಯುವ ವ್ಯವಹಾರವೋ? ತಿಳಿದವರು ದಯವಿಟ್ಟು ಹೇಳಿ.

ಕರಾರುಕಣ್ಣು:
ಸಹಿ ಹಾಕಬೇಡಿ. ನೀವು ಬಲ್ಲವರನ್ನು ಕೇಳುವಷ್ಟರಲ್ಲಿ ಮುಗಿಯಲಿ ಎಂದೇ ಇಂಥ ಗಡುವು ಇಡುತ್ತಾರೆ.

ಮೊದಲು ಹಣ ಎತ್ತ ಹರಿಯುತ್ತಿದೆ ನೋಡಿ. ಸಂಪಾದನೆ, ಮುಖಪುಟ, ಅಚ್ಚು, ವಿತರಣೆಗೆ ಸ್ವಂತ ಬಂಡವಾಳ ಹಾಕಿದ ಪ್ರಕಾಶಕರಿಗೆ ಪುಸ್ತಕ ಮಾರಾಟವಾಗದಿದ್ದರೆ ನಷ್ಟ. ಅದಕ್ಕೇ ಅವರು ಆರಿಸುತ್ತಾರೆ, ತಿದ್ದುತ್ತಾರೆ, ಅಂಗಡಿಗೆ ಮುಟ್ಟಿಸುತ್ತಾರೆ. ಲಾಭ ಲೇಖಕರಿಂದಲೇ ಮುಂಗಡವಾಗಿ ಬಂದುಬಿಟ್ಟರೆ ಈ ಮೂರರಲ್ಲಿ ಯಾವುದನ್ನೂ ಮಾಡುವ ಅಗತ್ಯ ಉಳಿಯುವುದಿಲ್ಲ. "ಅರ್ಧ ನಮ್ಮದು" ಎಂದವರಲ್ಲಿ ಪೂರ್ತಿ ವೆಚ್ಚದ ಬಿಡಿಬಿಡಿ ಪಟ್ಟಿ ಕೇಳಿ. ಬಹಳ ಕಡೆ ಲೇಖಕರ ಅರ್ಧದಲ್ಲೇ ಪೂರ್ತಿ ಖರ್ಚೂ ಕಂಪನಿಯ ಲಾಭವೂ ಹೊರಟುಹೋಗಿರುತ್ತದೆ. "ಶುಲ್ಕವಿಲ್ಲ, ಆದರೆ 200 ಪ್ರತಿ ಲೇಖಕರೇ ಕೊಳ್ಳಬೇಕು" ಎಂಬ ಷರತ್ತೂ ಶುಲ್ಕವೇ.

ನನಗೆ ಹೆಚ್ಚು ಆತಂಕ ತರುವುದು ಹಕ್ಕಿನ ಕಲಮು. ದುಡ್ಡೂ ನಿಮ್ಮದು, ಹಕ್ಕೂ ಅವರಿಗೆ ಎಂದರೆ ಹೇಗೆ? ಹಣ ಕೊಟ್ಟು ಮಾಡಿಸುವುದೇ ಆದರೆ ಅವರಿಗೆ ಮುದ್ರಿಸಿ ಮಾರುವ ಅನುಮತಿ ಮಾತ್ರ ಕೊಡಿ. ಅದೂ ಅವರಿಗಷ್ಟೇ ಮೀಸಲಾಗಿರಬಾರದು, 30 ಅಥವಾ 60 ದಿನದ ನೋಟಿಸಿನಲ್ಲಿ ರದ್ದು ಮಾಡುವಂತಿರಬೇಕು. ಅನುವಾದ, ಆಡಿಯೋ, ಸಿನಿಮಾ ಹಕ್ಕು ಅದರಲ್ಲಿ ಸೇರಬಾರದು. "ಪ್ರತಿಗಳು ಮುಗಿದು ಮರುಮುದ್ರಣವಾಗದಿದ್ದರೆ ಹಕ್ಕು ವಾಪಸು" ಎಂಬ ಹಳೆಯ ಕಲಮನ್ನು ನಂಬಿ ಕೂರಬೇಡಿ. ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸುವ ಪ್ರಿಂಟ್ ಆನ್ ಡಿಮಾಂಡ್‌ನಲ್ಲಿ ಪುಸ್ತಕ ಎಂದಿಗೂ "ಮುಗಿಯುವುದಿಲ್ಲ", ಹಾಗಾಗಿ ಹಕ್ಕು ಎಂದಿಗೂ ಮರಳುವುದಿಲ್ಲ. "ಸತತ 12 ತಿಂಗಳಲ್ಲಿ 50 ಪ್ರತಿಗಿಂತ ಕಡಿಮೆ ಮಾರಾಟವಾದರೆ ಹಕ್ಕು ಲೇಖಕರಿಗೆ" ಎಂದು ಅಂಕಿಯಲ್ಲೇ ಬರೆಸಿ.

ಪ್ಯಾಕೇಜಿನ ಕಾಪಿರೈಟ್ ವಿಚಾರ: 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿ ಬರೆದ ಕ್ಷಣದಿಂದಲೇ ಹಕ್ಕು ಲೇಖಕರದು. ನೋಂದಣಿ ಸಾಕ್ಷಿಯಾಗಿ ನೆರವಾಗಬಹುದು, ಹಕ್ಕು ಹುಟ್ಟುವುದು ಅದರಿಂದಲ್ಲ. ಐಎಸ್‌ಬಿಎನ್ ಕೂಡ ಹಕ್ಕಿನ ಪತ್ರವಲ್ಲ, ಪುಸ್ತಕದ ಒಂದು ಆವೃತ್ತಿಯನ್ನು ಗುರುತಿಸುವ 13 ಅಂಕಿಯ ಸಂಖ್ಯೆ ಅಷ್ಟೆ. ಅದರಲ್ಲೇ ಪ್ರಕಾಶಕರನ್ನು ಸೂಚಿಸುವ ಭಾಗವಿದೆ. ಕಂಪನಿಯ ಪಾಲಿನ ಸಂಖ್ಯೆ ಬಳಸಿದರೆ ದಾಖಲೆಯಲ್ಲಿ ಪ್ರಕಾಶಕರು ಕಂಪನಿಯೇ. ನಾಳೆ ನೀವು ಬೇರೆ ಕಡೆ ಹೋದರೆ ಹೊಸ ಸಂಖ್ಯೆ ಬೇಕು.

ಅಚ್ಚುಮೊಳೆ:
70% ಕೇಳಲು ಚೆಂದ, ಲೆಕ್ಕ ಹಾಕಿ ನೋಡಿ. ಮುಖಬೆಲೆ 100 ಎಂದಿಟ್ಟುಕೊಳ್ಳೋಣ. ಮಾರಾಟಗಾರರ ಕಮಿಷನ್ 45, ಮುದ್ರಣ 35 ಹೋದರೆ ನಿವ್ವಳ 20. ಅದರ 70% ಎಂದರೆ 14. ನೀವು ಕೊಟ್ಟ ಶುಲ್ಕ 400 ಪ್ರತಿಗಳ ಮುಖಬೆಲೆಯಷ್ಟಿದ್ದರೆ, ಅಂದರೆ 40,000 ಇದ್ದರೆ, ಅದು ವಾಪಸು ಬರಲು ಸುಮಾರು 2,860 ಪ್ರತಿ ಮಾರಾಟವಾಗಬೇಕು. "ನಿವ್ವಳ" ಎಂದರೆ ಏನೇನು ಕಳೆದ ಮೇಲೆ ಎಂದು ಕರಾರಿನಲ್ಲಿ ಇಲ್ಲದಿದ್ದರೆ ಆ 14 ಕೂಡ ಖಾತ್ರಿಯಿಲ್ಲ. ಪ್ರಚಾರ ವೆಚ್ಚ, ಗೋದಾಮಿನ ವೆಚ್ಚ ಎಂದು ಕಳೆಯುತ್ತಾ ಹೋಗಬಹುದು.

"ಜಾಗತಿಕ ವಿತರಣೆ" ಎಂದರೆ ಸಾಮಾನ್ಯವಾಗಿ ಆನ್‌ಲೈನ್ ಪಟ್ಟಿಯಲ್ಲಿ ಹೆಸರು ಸೇರುವುದು. ಅಂಗಡಿಯವರು ಪುಸ್ತಕ ತರಿಸಬೇಕಾದರೆ ಅವರಿಗೆ ಸಾಕಷ್ಟು ಕಮಿಷನ್ ಇರಬೇಕು, ಮಾರಾಟವಾಗದ ಪ್ರತಿಗಳನ್ನು ಪ್ರಕಾಶಕರು ವಾಪಸು ತೆಗೆದುಕೊಳ್ಳಬೇಕು. ಈ ಎರಡೂ ಇಲ್ಲದ ಪುಸ್ತಕ ಕಪಾಟಿಗೆ ಬರುವುದಿಲ್ಲ.

ಸ್ವಂತವಾಗಿ ಪ್ರಕಟಿಸುವುದು ತಪ್ಪಲ್ಲ, ಅದು ಬೇರೆಯೇ ದಾರಿ. ಅಲ್ಲಿ ಸಂಪಾದಕರು, ಕರಡು ತಿದ್ದುವವರು, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಣೆ), ಮುಖಪುಟ, ಪ್ರೆಸ್ ಪ್ರತಿಯೊಂದಕ್ಕೂ ನೀವೇ ಬೇರೆ ಬೇರೆ ದರ ಕೇಳಿ ಕೆಲಸ ಮಾಡಿಸುತ್ತೀರಿ, ಹಕ್ಕು ನಿಮ್ಮಲ್ಲೇ ಇರುತ್ತದೆ. ಪುಟಗಳ ಪ್ಲೇಟ್ ಮಾಡಿಸಿ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ ಆ ಪ್ಲೇಟಿನ ಖರ್ಚು ಎಷ್ಟು ಪ್ರತಿ ಹಾಕಿದರೂ ಒಂದೇ, ಹಾಗಾಗಿ ಪ್ರತಿ ಹೆಚ್ಚಿದಂತೆ ತಲಾ ವೆಚ್ಚ ಇಳಿಯುತ್ತದೆ. ಆ ಇಳಿಕೆಗೆ ಮರುಳಾಗಿ 1,000 ಹಾಕಿಸಿ ಮನೆ ತುಂಬಿಸಿಕೊಳ್ಳಬೇಡಿ. ಪ್ಲೇಟ್ ಬೇಡದ ಡಿಜಿಟಲ್ ಮುದ್ರಣದಲ್ಲಿ 50 ಅಥವಾ 100 ಪ್ರತಿ ಹಾಕಿಸಿ ಬೇಡಿಕೆ ನೋಡಿ. ಅಕ್ಷರದ ಗಾತ್ರ, ಅಂಚು ಹಿಗ್ಗಿಸಿ ಪುಟ ಏರಿಸುವವರೂ ಇದ್ದಾರೆ, ಆದ್ದರಿಂದ ಮೊದಲೇ ಹತ್ತು ಪುಟದ ಮಾದರಿ ಕೇಳಿ. ಪುಟ ಜೋಡಿಸುವಾಗ ಮಾಡಿದ ತಿದ್ದುಪಡಿಗಳು ನಿಮ್ಮ ಮೂಲ ಫೈಲಿಗೆ ಬಂದಿರುವುದಿಲ್ಲ. ಕೊನೆಯ ಪಿಡಿಎಫ್ ಸಾಲದು, ತಿದ್ದಬಹುದಾದ ಪುಟವಿನ್ಯಾಸದ ಫೈಲ್ ಮತ್ತು ಮುಖಪುಟದ ಮೂಲ ಫೈಲ್ ನಿಮಗೆ ಸೇರಬೇಕೆಂದು ಬರೆಸಿ.

ಓದುಗಂಟು:
ಕರಾರಿನ ಹೊರಗೆ ಮಾಡಬಹುದಾದ ಪರೀಕ್ಷೆಗಳೂ ಇವೆ. ಅವರ ವೆಬ್‌ಸೈಟಿನ ಮೊದಲ ಪುಟ ಯಾರನ್ನು ಕರೆಯುತ್ತಿದೆ, ಓದುಗರನ್ನೋ ಬರೆಯುವವರನ್ನೋ? ಅವರ ಪುಸ್ತಕವೊಂದನ್ನು ಕೊಂಡು ಮಧ್ಯದ ಇಪ್ಪತ್ತು ಪುಟ ಓದಿ, ಕಾಗುಣಿತ ತಪ್ಪು ಎಣಿಸಿ. ಎರಡು ವರ್ಷದ ಹಿಂದೆ ಅಲ್ಲಿ ಪ್ರಕಟಿಸಿದ ಮೂವರು ಲೇಖಕರನ್ನು ನೀವೇ ಹುಡುಕಿ, ರಾಯಲ್ಟಿ ಲೆಕ್ಕ ಕೈಗೆ ಬಂತೇ ಎಂದು ಕೇಳಿ. ಕಂಪನಿ ತಾನಾಗಿ ಕೊಡುವ ಹೆಸರುಗಳು ಬೇಡ. ಇಂಗ್ಲಿಷಿನಲ್ಲೂ ಬರೆಯುವವರಾದರೆ 1998ರಿಂದ ಇಂಥ ವ್ಯವಹಾರಗಳನ್ನು ದಾಖಲಿಸುತ್ತಿರುವ ರೈಟರ್ ಬಿವೇರ್ ಎಂಬ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ನೋಡಿ.

ಮೊದಲಹೆಜ್ಜೆ:
ಎಲ್ಲರಿಗೂ ತುಂಬಾ ಧನ್ಯವಾದ. ಸಹಿ ಹಾಕುವುದಿಲ್ಲ. ಇಂಥ ಕಡೆ ಈಗಾಗಲೇ ಮುಂಗಡ ಕೊಟ್ಟಿರುವವರು ಏನು ಮಾಡಬೇಕು?

ಕರಾರುಕಣ್ಣು:
ಮುಂದಿನ ಕಂತು ನಿಲ್ಲಿಸುವ ಮೊದಲು ರದ್ದತಿ ಕಲಮು ಓದಿ. ಕಂತು ತಪ್ಪಿದರೆ ದಂಡ ಎಂದಿದ್ದರೆ ವಕೀಲರಿಗೆ ತೋರಿಸಿ. ಫೋನಿನ ಮಾತು ಬೇಡ, ಎಲ್ಲವೂ ಇಮೇಲಿನಲ್ಲಿ ಇರಲಿ. ಯಾವ ಕೆಲಸ ಮುಗಿದಿದೆ, ಯಾವುದು ಬಾಕಿ ಎಂದು ಲಿಖಿತ ಲೆಕ್ಕ ಕೇಳಿ, ಕಲಮಿನ ಸಂಖ್ಯೆ ಹಾಕಿ ರದ್ದತಿ ನೋಟಿಸ್ ಕಳಿಸಿ, ಹಕ್ಕು ಮರಳಿದ ಬಗ್ಗೆ ಪತ್ರ ಪಡೆಯಿರಿ. ಕಾರ್ಡಿನಲ್ಲಿ ಪಾವತಿಸಿದ್ದರೆ ಬ್ಯಾಂಕಿನಲ್ಲಿ ವಿವಾದ ದಾಖಲಿಸಬಹುದು, ಅದಕ್ಕೆ ಕಾಲಮಿತಿ ಇರುವುದರಿಂದ ಮೊದಲ ದಿನವೇ ವಿಚಾರಿಸಿ. ಈ ಹೊತ್ತಿನಲ್ಲೇ ಅವರು "ಪ್ರಚಾರ ಪ್ಯಾಕೇಜ್ ತೆಗೆದುಕೊಂಡರೆ ಮಾರಾಟ ಏರುತ್ತದೆ" ಎನ್ನುತ್ತಾರೆ. ಕೊಟ್ಟ ಹಣ ಉಳಿಸಲು ಇನ್ನಷ್ಟು ಹಣ ಕೊಡಬೇಡಿ.