ಹೈಬ್ರಿಡ್ ಸೈಕಲ್‌ಗೆ ಡ್ರಾಪ್ ಹ್ಯಾಂಡಲ್ ಹಾಕಿಸಬೇಕು, ಸಹಾಯ ಬೇಕು

ನಮಸ್ಕಾರ ಎಲ್ಲರಿಗೂ. ನಾನು ಬೆಳಗಾವಿ ಟಿಳಕವಾಡಿಯವನು. ನನ್ನ ಹತ್ರ ನೇರ ಹ್ಯಾಂಡಲ್‌ನ ಹೈಬ್ರಿಡ್ ಇದೆ, ಮುಂದೆ 3 ಹಿಂದೆ 8 ಗೇರ್, ಶಿಮಾನೋ, ವಿ-ಬ್ರೇಕ್ (ಎರಡು ಉದ್ದ ತೋಳು ಎರಡೂ ಕಡೆಯಿಂದ ರಿಮ್ ಒತ್ತುವಂಥದ್ದು). ಖಾನಾಪುರ ರಸ್ತೆಯಲ್ಲಿ ಎದುರುಗಾಳಿ ಬಂತೆಂದರೆ ಬಗ್ಗೋಕೆ ಜಾಗವೇ ಇಲ್ಲ, ಕೈ ಒಂದೇ ಕಡೆ ಇಟ್ಟು ಕಿರುಬೆರಳು ಜೋಮು ಹಿಡಿಯುತ್ತದೆ.

ಡ್ರಾಪ್ ಹ್ಯಾಂಡಲ್ (ರೋಡ್ ಬೈಕ್‌ನ ಹಾಗೆ ಕೆಳಕ್ಕೆ ಬಾಗಿದ್ದು) ಸಿಗುತ್ತದೆ ಬಿಡಿ, ತಲೆನೋವೆಲ್ಲ ಬ್ರೇಕ್-ಗೇರ್ ಲಿವರ್‌ಗಳದ್ದು. ಈಗಿನ ಲಿವರ್ ಕೂರುವ ಪೈಪು 22.2 ಮಿ.ಮೀ., ಡ್ರಾಪ್‌ನದು 23.8, ಅಂದಮೇಲೆ ಹಳೆಯದು ಹತ್ತುವುದೇ ಇಲ್ಲ. ರೋಡ್ ಬೈಕ್‌ನ ಗೇರ್-ಬ್ರೇಕ್ ಜೋಡಿ ಲಿವರ್ ಹಾಕೋಣ ಅಂದ್ರೆ ಅದು ಕೇಬಲ್ ಕಡಿಮೆ ಎಳೆಯುತ್ತದೆ, ವಿ-ಬ್ರೇಕ್ ಸರಿಯಾಗಿ ಹಿಡಿಯಲ್ಲ. ಇಳಿಜಾರಿನಲ್ಲಿ ಆ ಆಟ ಬೇಡ.

ಎರಡು ದಾರಿ ಕಾಣುತ್ತಿವೆ. ಒಂದು, ಜೋಡಿ ಲಿವರ್ ಜೊತೆ ಕಡಿಮೆ ಕೇಬಲ್ ಎಳೆದರೂ ಹಿಡಿಯುವ ಮಿನಿ ವಿ-ಬ್ರೇಕ್. ಆದರೆ ಅದರ ತೋಳು ಗಿಡ್ಡ, ಮಡ್‌ಗಾರ್ಡ್‌ಗೆ ತಾಗಬಹುದು, ನಮ್ಮ ಮಳೆಗಾಲದಲ್ಲಿ ಮಡ್‌ಗಾರ್ಡ್ ಬಿಚ್ಚೋಕಾಗುತ್ತಾ? ಇನ್ನೊಂದು, ವಿ-ಬ್ರೇಕ್‌ಗೆ ಬೇಕಾದಷ್ಟು ಕೇಬಲ್ ಎಳೆಯುವ ಟೆಕ್ಟ್ರೋ ಆರ್‌ಎಲ್520 ಬ್ರೇಕ್ ಲಿವರ್ ಹಾಕಿ, ಗೇರ್ ಶಿಫ್ಟರ್ ಹ್ಯಾಂಡಲ್ ತುದಿಗೆ ಕೂರಿಸುವುದು. ನನಗೆ ಇದೇ ಸರಿ ಅನಿಸುತ್ತಿದೆ.

ಯಾರಾದರೂ ಮಾಡಿಸಿದ್ದೀರಾ? ಡ್ರಾಪ್ ಹಾಕಿದರೆ ಕೈ ಮುಂದೆ ಚಾಚಬೇಕಾಗುತ್ತದೆ, ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ಮುಂದಿನ ತುಂಡು) ಎಷ್ಟು ಗಿಡ್ಡ ಮಾಡಿದಿರಿ? ಬೆಳಗಾವಿ ಅಥವಾ ಹುಬ್ಬಳ್ಳಿಯಲ್ಲಿ ಈ ಕೆಲಸ ಗೊತ್ತಿರುವ ಮೆಕ್ಯಾನಿಕ್ ಇದ್ದರೆ ಹೇಳಿ. ಒಟ್ಟು ಖರ್ಚು ಎಷ್ಟಾಯಿತು ಅಂತಲೂ ಬರೆಯಿರಿ, ಜಾಸ್ತಿಯಾದರೆ ಸುಮ್ನೆ ಹಳೇ ರೋಡ್ ಬೈಕ್ ಹುಡುಕುತ್ತೇನೆ.