ಪ್ರಶ್ನೋತ್ತರ: ತಡೆಯಲಾಗದ ಚಟ, ಬಿಡದ ಶಂಕೆ, ಮಿದುಳಿನ ಪಾಲು

ಡಾಕ್ಟರ್: ನಮಸ್ಕಾರ. ನಾನು ಮುಂಬಯಿಯಲ್ಲಿ ಮನೋವೈದ್ಯೆ. ತಡೆಯಲಾಗದ ತುಡಿತ, ಬೇಡವೆಂದರೂ ಮತ್ತೆ ಮತ್ತೆ ಮಾಡುವ ಕೆಲಸ, ಇವುಗಳ ಬಗ್ಗೆ ಕೇಳಿ. ಗುಂಪಿನಲ್ಲಿ ರೋಗಿಯ ಹೆಸರು, ರಿಪೋರ್ಟ್ ಹಾಕಬೇಡಿ. ನಿಮ್ಮ ಹೆಸರಿನ ಬದಲು ಬಡಾವಣೆಯ ಹೆಸರು ಸಾಕು.

ಮುಲುಂಡ್: ಮಗನಿಗೆ 16. ಕೈ ತೊಳೆದದ್ದೇ ತೊಳೆಯುವುದು, ಗ್ಯಾಸ್ ಆಫ್ ಆಗಿದೆಯಾ ಅಂತ ನೋಡಿದ್ದೇ ನೋಡುವುದು. ನಮ್ಮತ್ತೆಗೂ ಮಡಿ ಜಾಸ್ತಿ ಇತ್ತು. ವಂಶದಿಂದ ಬಂತಾ?

ಡಾಕ್ಟರ್: ಮಡಿ ಅಂದರೆ ರೋಗ ಅಲ್ಲ. ತೊಳೆಯಲು ಬಿಡದಿದ್ದರೆ ಹುಡುಗ ಒದ್ದಾಡುತ್ತಾನಾ? ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಇದಕ್ಕೇ ಹೋಗುತ್ತಾ? ಹೌದಾದರೆ ಒಸಿಡಿ ಇರಬಹುದು, ಅಂದರೆ ಬೇಡದ ಯೋಚನೆ ಬಿಡದೆ ಕಾಡಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ವಂಶದ ಪಾಲು ಇದೆ. ಆದರೆ ಒಂದೇ ಜೀನ್‌ನಿಂದ ಬರುವುದಲ್ಲ. ಎಷ್ಟೋ ಜೀನ್‌ಗಳು, ಒಂದೊಂದರದ್ದೂ ಚೂರು ಪಾಲು. ಚಿಕಿತ್ಸೆ ಇದೆ. ಭಯವನ್ನು ಎದುರಿಸಿ ಕೈ ತೊಳೆಯದೆ ಇರಲು ಕಲಿಸುವ ಇಆರ್‌ಪಿ ಥೆರಪಿ, ಬೇಕಾದರೆ ಮಾತ್ರೆ. ಬೈಯಬೇಡಿ.

ಡೊಂಬಿವಲಿ: ಅಪ್ಪನಿಗೆ 68. ಪಾರ್ಕಿನ್ಸನ್ ಇದೆ, ಕೈ ನಡುಗುವ ಕಾಯಿಲೆ. ಜೀವನವಿಡೀ ಹೋಟೆಲ್ ಗಲ್ಲಾದಲ್ಲಿ ಕೂತವರು, ಇಸ್ಪೀಟ್ ಮುಟ್ಟಿದವರಲ್ಲ. ಈಗ ದಿನಾ ಲಾಟರಿ. ರಾತ್ರಿ ಎದ್ದು ಫೋನಿನಲ್ಲಿ ಏನೇನೋ ಆರ್ಡರ್ ಮಾಡುತ್ತಾರೆ. ಎಫ್‌ಡಿ ಮುರಿಸಿದ್ದು ಮೊನ್ನೆ ಗೊತ್ತಾಯಿತು. ಅಮ್ಮ ಅವರೊಡನೆ ಮಾತು ಬಿಟ್ಟಿದ್ದಾರೆ.

ಘಾಟ್ಕೋಪರ್: ವಯಸ್ಸಾದ ಮೇಲೆ ಕೆಲವರಿಗೆ ದುರಾಸೆ. ಫೋನ್ ಕಿತ್ತಿಡಿ.

ಡಾಕ್ಟರ್: ಡೊಂಬಿವಲಿಯವರೇ, ಯಾವ ಮಾತ್ರೆ? ಪ್ರಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಇದೆಯಾ?

ಡೊಂಬಿವಲಿ: ಪ್ರಮಿಪೆಕ್ಸೋಲ್. ದೀಪಾವಳಿ ಹೊತ್ತಿಗೆ ಡೋಸ್ ಹೆಚ್ಚಿಸಿದರು. ಲಾಟರಿ ಶುರುವಾದದ್ದು ಅದರ ನಂತರವೇ.

ಡಾಕ್ಟರ್: ಹಾಗಾದರೆ ಇದನ್ನು ಇವತ್ತೇ ಅಮ್ಮನಿಗೆ ಓದಿ ಹೇಳಿ. ಇದು ಅಪ್ಪನ ಗುಣ ಕೆಟ್ಟದ್ದಲ್ಲ, ಮಾತ್ರೆಯ ಅಡ್ಡ ಪರಿಣಾಮ ಇರುವ ಸಾಧ್ಯತೆ ಬಹಳ.

ಪಾರ್ಕಿನ್ಸನ್‌ನಲ್ಲಿ ಕೈಕಾಲಿನ ಚಲನೆ ನೋಡಿಕೊಳ್ಳುವ ಮಿದುಳಿನ ದಾರಿಯಲ್ಲಿ ಡೋಪಮಿನ್, ಅಂದರೆ ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ, ಕಡಿಮೆಯಾಗುತ್ತದೆ. ಆಸೆ, ಖುಷಿ, ಬಹುಮಾನದ ದಾರಿ ಮೊದಮೊದಲು ಅಷ್ಟು ಹಾಳಾಗಿರುವುದಿಲ್ಲ. ಆದರೆ ಡೋಪಮಿನ್‌ನಂತೆ ಕೆಲಸ ಮಾಡುವ ಈ ಮಾತ್ರೆ ಎರಡೂ ಕಡೆ ಹೋಗುತ್ತದೆ. ಡೋಪಮಿನ್ ಬಂದು ಅಂಟುವ ಜಾಗಕ್ಕೆ ರಿಸೆಪ್ಟರ್ ಅನ್ನುತ್ತಾರೆ. ಪ್ರಮಿಪೆಕ್ಸೋಲ್ ಡಿ3 ಎಂಬ ರಿಸೆಪ್ಟರ್‌ಗೆ ಹೆಚ್ಚು ಅಂಟುತ್ತದೆ. ಡಿ3 ಜಾಸ್ತಿ ಇರುವುದು ಆಸೆಯ ದಾರಿಯಲ್ಲೇ. ಕೈ ನಡುಕ ತಗ್ಗುತ್ತದೆ, ಇನ್ನೊಂದು ಟಿಕೆಟ್ ಬೇಕೆನ್ನುವ ತುಡಿತ ಏರುತ್ತದೆ.

2010ರಲ್ಲಿ ಅಮೆರಿಕ ಮತ್ತು ಕೆನಡಾದ 3,090 ಪಾರ್ಕಿನ್ಸನ್ ರೋಗಿಗಳ ಅಧ್ಯಯನ ಪ್ರಕಟವಾಯಿತು. ಈ ಬಗೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ಜೂಜು, ಖರೀದಿ, ತಿನ್ನುವುದು, ಲೈಂಗಿಕ ಆಸೆ, ಇವುಗಳಲ್ಲಿ ಒಂದರಲ್ಲಾದರೂ ಹಿಡಿತ ತಪ್ಪಿತ್ತು. ತೆಗೆದುಕೊಳ್ಳದವರಲ್ಲಿ ಸುಮಾರು 7. ಮನೆತನದಲ್ಲಿ ಜೂಜಿನ ಚಟ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ನಿಮ್ಮ ಅಪ್ಪನ ಕಡೆ ಯಾರಿಗಾದರೂ ಇತ್ತಾ?

ಮಾತ್ರೆ ನೀವೇ ನಿಲ್ಲಿಸಬೇಡಿ. ಒಮ್ಮೆಲೇ ನಿಂತರೆ ಗಾಬರಿ, ಖಿನ್ನತೆ ಬರಬಹುದು, ನಡೆಯುವುದೇ ಕಷ್ಟವಾಗಬಹುದು. ನಾಳೆಯೇ ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿ, ಲಾಟರಿ, ಎಫ್‌ಡಿ ಎಲ್ಲ ಬಿಡಿಸಿ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಅವರಿಗೆ ತಿಳಿಯುವ ದಾರಿಯೇ ಇಲ್ಲ.

ಥಾಣೆ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಕಳಿಸಿ. "ನಸುಗುನ್ನಿ ಬೀಜದ ಪುಡಿ ಹಾಲಿನಲ್ಲಿ 48 ದಿನ. ಪಾರ್ಕಿನ್ಸನ್ ಮಾಯ. ಸೈಡ್ ಎಫೆಕ್ಟ್ ಇಲ್ಲ."

ಡಾಕ್ಟರ್: ಅಳಿಸಿ. ಆ ಬೀಜದಲ್ಲಿ ಲೆವೊಡೋಪಾ ಇದೆ. ಮಿದುಳಿನಲ್ಲಿ ಅದು ಡೋಪಮಿನ್ ಆಗುತ್ತದೆ. ಮಾತ್ರೆಯ ಮೇಲೆ ಇದನ್ನೂ ಕೊಟ್ಟರೆ ಡೋಸ್ ಎಷ್ಟಾಯಿತು ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ. ಡೊಂಬಿವಲಿಯವರೇ, ಇದನ್ನು ಅಪ್ಪನಿಗೆ ಕೊಡಲೇಬೇಡಿ.

ಥಾಣೆ: ಆಯುರ್ವೇದ ಅಂದರೆ ನಿಮಗೆಲ್ಲ ಅಲರ್ಜಿ.

ಡಾಕ್ಟರ್: ಬೀಜದಲ್ಲಿ ಔಷಧ ಇದೆ ಅಂತಲೇ ಹೇಳುತ್ತಿದ್ದೇನೆ. ಅದಕ್ಕೇ ಹೆದರಿಕೆ.

ಭಾಂಡುಪ್: ನಾನು ಗುಟ್ಕಾ ಬಿಡಬೇಕು. ಬೆಳಗ್ಗೆ ಬಿಟ್ಟರೆ ಸಂಜೆ ಮತ್ತೆ. ಏನು ಮಾಡಲಿ?

ಮೀರಾ ರೋಡ್: ಒಸಿಡಿ ಮಕ್ಕಳಿಗೆ ಬಂದೇ ಬರುತ್ತಾ?

ಡಾಕ್ಟರ್: ಇಲ್ಲ. ಮೇಲೆ ಓದಿ.

ವಾಶಿ: ಜೂಜಿನ ಜೀನ್ ಇದೆಯಾ ಅಂತ ಡಿಎನ್‌ಎ ಟೆಸ್ಟ್ ಮಾಡಿಸಬಹುದಾ?

ಡಾಕ್ಟರ್: ಬೇಡ. ಹಾಗೆ ಹೇಳಬಲ್ಲ ಟೆಸ್ಟ್ ಇಲ್ಲ. ದುಡ್ಡು ದಂಡ.

ಘಾಟ್ಕೋಪರ್: ಎಲ್ಲವೂ ಮಿದುಳಿನ ತಪ್ಪು, ಮಾತ್ರೆಯ ತಪ್ಪು. ಮನುಷ್ಯನದ್ದು ಏನೂ ಇಲ್ವಾ? ನಾಳೆ ಕಳ್ಳನೂ ಇದನ್ನೇ ಹೇಳುತ್ತಾನೆ.

ಮುಲುಂಡ್: ನನ್ನ ಮಗ ಚರ್ಮ ಸುಲಿದು ರಕ್ತ ಬಂದರೂ ಕೈ ತೊಳೆಯುತ್ತಾನೆ. ಅದು ಅವನ ಆಸೆನಾ? ಸುಮ್ನೆ ಮಾತಾಡಬೇಡಿ.

ಘಾಟ್ಕೋಪರ್: ನಿಮ್ಮ ಮಗನ ವಿಷಯ ಎತ್ತಿಲ್ಲ. ಶಿಸ್ತು ಕಲಿಸದೆ ಡಾಕ್ಟರ್ ಹತ್ತಿರ ಓಡುವವರ ಬಗ್ಗೆ ಹೇಳಿದೆ.

ಮುಲುಂಡ್: ನನಗೇ ಹೇಳಿದ್ದು ಅಂತ ಅರ್ಥವಾಯಿತು.

ಥಾಣೆ: ಶಿಸ್ತಿನ ಮಾತು ಸರಿಯಾಗಿದೆ.

ಡಾಕ್ಟರ್: ಘಾಟ್ಕೋಪರಿನವರೇ, ಹೊಣೆ ಇಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ಆ ಹಿರಿಯರು ಸಾಲ ತೀರಿಸಬೇಕಾದೀತು, ಚಿಕಿತ್ಸೆಗೆ ಒಪ್ಪಬೇಕಾದೀತು. ಆದರೆ ಡೋಸ್ ಏರಿದ ಮೇಲೆ ಹುಟ್ಟಿದ ಚಟವನ್ನು ಬುದ್ಧಿಮಾತಿನಿಂದ ಇಳಿಸಲು ಆಗುವುದಿಲ್ಲ. ಗೊತ್ತಿಲ್ಲದೆ ದುರಾಸೆ ಅನ್ನಬೇಡಿ. ಡೊಂಬಿವಲಿಯವರು ಅವರ ಮಗಳು, ಇದನ್ನೆಲ್ಲ ಓದುತ್ತಿದ್ದಾರೆ.

ಅಡ್ಮಿನ್: ವಾದ ಸಾಕು. ಪ್ರಶ್ನೆ ಇದ್ದರೆ ಮಾತ್ರ ಬರೆಯಿರಿ.

ಥಾಣೆ: ಬ್ರಾಹ್ಮಿ ಕಷಾಯದ ವಿಡಿಯೋ ಹಾಕಲಾ?

ಡಾಕ್ಟರ್: ಬೇಡ ಅಂದೆ.

ಡೊಂಬಿವಲಿ: ಅಮ್ಮನನ್ನು ಕೇಳಿದೆ. ಅಪ್ಪನ ಚಿಕ್ಕಪ್ಪ ಊರಲ್ಲಿ ಕೋಳಿ ಅಂಕದಲ್ಲಿ ಗದ್ದೆ ಕಳೆದವರಂತೆ.

ಡಾಕ್ಟರ್: ಇದನ್ನೂ ನ್ಯೂರಾಲಜಿಸ್ಟ್‌ಗೆ ಹೇಳಿ. ಅವರು ಪ್ರಮಿಪೆಕ್ಸೋಲ್ ಮೆಲ್ಲಗೆ ಇಳಿಸಿ ಬೇರೆ ಔಷಧ ಹೊಂದಿಸಬಹುದು. ಬ್ಯಾಂಕ್ ಖಾತೆಗೆ ಜಂಟಿ ಸಹಿ ಮಾಡಿಸಿ, ಅಪ್ಪನಿಗೆ ಹೇಳಿಯೇ ಮಾಡಿಸಿ. ಡೋಸ್ ಇಳಿಸುವಾಗ ಅವರು ಮಂಕಾದರೆ, ಸಾಯುವ ಮಾತಾಡಿದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ. ನ್ಯೂರಾಲಜಿಸ್ಟ್ ಏನು ಹೇಳಿದರು ಅಂತ ನನಗೆ ನೇರ ಮೆಸೇಜ್ ಮಾಡಿ, ಇಲ್ಲಿ ಬೇಡ.